ಮತದಾರರ ಪಟ್ಟಿಯಲ್ಲಿ ಧರ್ಮದ ಕಾಲಂ ಇಲ್ಲ, ಹಾಗಾದರೆ ಈ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಚುನಾವಣೆ ಬಂದಾಗಲೆಲ್ಲ ಪೇಪರಿನಲ್ಲಿ ನಮ್ಮ ಕ್ಷೇತ್ರದ ಒಂದು ಪಟ್ಟಿ ಬರುತ್ತದೆ. ಈ ಜಾತಿಯವರು ಇಷ್ಟು ಸಾವಿರ, ಮುಸ್ಲಿಮರು ಇಷ್ಟು, ಕ್ರೈಸ್ತರು ಇಷ್ಟು ಅಂತ. ಇವರನ್ನೆಲ್ಲ ಎಣಿಸಿದವರು ಯಾರು? 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಟಿವಿಯಲ್ಲಿ ‘ಹಿಂದೂಗಳು ಶೇ 7.8 ಕಡಿಮೆ, ಮುಸ್ಲಿಮರು ಶೇ 43 ಜಾಸ್ತಿ’ ಅಂತ ಬಂತು. ನಮ್ಮ ದೊಡ್ಡಪ್ಪ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಈಗಲೂ ಆಗಾಗ ಹಾಕುತ್ತಾರೆ. ಜೊತೆಗೆ ಪ್ರಪಂಚದ ಭೂಪಟ ಒಂದು, ಇನ್ನು ಸ್ವಲ್ಪ ವರ್ಷದಲ್ಲಿ ಹಿಂದೂಗಳೇ ಇರುವುದಿಲ್ಲ ಅಂತ. ನಮ್ಮ ತೋಟದ ಚೇಣಿ, ಅಂದರೆ ಫಸಲಿನ ಗುತ್ತಿಗೆ, ಹಿಡಿಯುವವರು ಮುಸ್ಲಿಮರು. ಅಪ್ಪನ ಕಾಲದಿಂದ ನಡೆದುಬಂದ ವ್ಯವಹಾರ. ಈ ಸಲ ಮನೆಯಲ್ಲಿ ‘ಅವರಿಗೇ ಯಾಕೆ ಕೊಡಬೇಕು’ ಎಂಬ ಮಾತು ಎದ್ದಿದೆ. ಈ ಲೆಕ್ಕಗಳು ನಿಜವಾ? ಅಲ್ಲದಿದ್ದರೆ ನಾನು ಏನು ಮಾಡಬಹುದು?

ಉತ್ತರ:

ಜನಸಂಖ್ಯೆಯ ಅಂಕಿಅಂಶ ಕಲಿಸುವುದು ನನ್ನ ಕೆಲಸ. ಶಿವಮೊಗ್ಗದಲ್ಲಿ ಚುನಾವಣೆ ಬಂತೆಂದರೆ ವರದಿಗಾರರು ಫೋನ್ ಮಾಡುತ್ತಾರೆ. ಅವರ ಮೊದಲ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ: “ಸರ್, ಅಲ್ಲಿ ಅವರು ಎಷ್ಟು ಪರ್ಸೆಂಟ್ ಇದ್ದಾರೆ?” ಹಾಗಾಗಿ ಈ ಲೆಕ್ಕಗಳು ಎಲ್ಲಿ ಹುಟ್ಟುತ್ತವೆ, ಎಲ್ಲಿ ಕೆಡುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ಮೂರು ಲೆಕ್ಕಗಳು ಬೆರೆತಿವೆ. ಟಿವಿಯಲ್ಲಿ ಬಂದದ್ದು ಸುಳ್ಳಲ್ಲ, ಆದರೆ ಹೇಳಿದ ರೀತಿ ದಾರಿ ತಪ್ಪಿಸುತ್ತದೆ. ಭೂಪಟದ ಮಾತು ತಪ್ಪು. ಪೇಪರಿನ ಪಟ್ಟಿಯನ್ನು ಮಾತ್ರ ನಿಜ ಅಂತಲೂ ಹೇಳಲಾಗದು, ಸುಳ್ಳು ಅಂತಲೂ ಹೇಳಲಾಗದು. ಹೋಲಿಸಿ ನೋಡಲು ಅಂಥ ಎಣಿಕೆಯೇ ನಡೆದಿಲ್ಲ. ನನ್ನ ಪ್ರಕಾರ ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಇದೇ.

ಮೊದಲು ಶೇ 43ರ ಲೆಕ್ಕ ನೋಡೋಣ. ಇದು ಪ್ರಧಾನಮಂತ್ರಿಯವರ ಆರ್ಥಿಕ ಸಲಹಾ ಮಂಡಳಿ 2024ರ ಮೇ ತಿಂಗಳಲ್ಲಿ ಹೊರತಂದ ಅಧ್ಯಯನದ್ದು. ನಮ್ಮ ಕ್ಷೇತ್ರದ ಮತದಾನ ಮೇ 7ಕ್ಕೆ ಮುಗಿದಿತ್ತು. ಅದಾದ ಒಂದೆರಡು ದಿನಕ್ಕೆ ಈ ಸುದ್ದಿ ಎಲ್ಲ ಚಾನೆಲ್‌ಗಳಲ್ಲಿ ಓಡಿತು. ದೇಶದಲ್ಲಿ ಇನ್ನೂ ನಾಲ್ಕು ಹಂತದ ಮತದಾನ ಬಾಕಿ ಇತ್ತು. ಅಧ್ಯಯನ 1950ರಿಂದ 2015ರವರೆಗಿನದು. ಅದರ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಹಿಂದೂಗಳ ಪಾಲು ಶೇ 84.68ರಿಂದ ಶೇ 78.06ಕ್ಕೆ ಇಳಿದಿದೆ. ಮುಸ್ಲಿಮರ ಪಾಲು ಶೇ 9.84ರಿಂದ ಶೇ 14.09ಕ್ಕೆ ಏರಿದೆ. ಅಂದರೆ ನೂರು ಜನರಲ್ಲಿ ಹತ್ತು ಜನ ಇದ್ದವರು 65 ವರ್ಷಗಳ ನಂತರ ಹದಿನಾಲ್ಕು ಜನ ಆಗಿದ್ದಾರೆ. ನೂರಕ್ಕೆ ಸುಮಾರು ನಾಲ್ಕು ಜನ ಜಾಸ್ತಿ. ಈ 4.25 ಎಂಬುದು 9.84ರ ಶೇ 43 ಆಗುತ್ತದೆ. 43 ಬಂದದ್ದು ಹೀಗೆ.

ಗಣಿತ ಸರಿ ಇದೆ. ಆದರೆ ಮನೆಯಲ್ಲಿ ಟಿವಿ ನೋಡುವವರಿಗೆ ‘ಮುಸ್ಲಿಮರು ಶೇ 43’ ಎಂದು ಕೇಳಿಸಿದರೆ ಏನು ಅನ್ನಿಸುತ್ತದೆ? ಎಷ್ಟೋ ಜನ ದೇಶದಲ್ಲಿ ಅವರೇ ಶೇ 43 ಆಗಿದ್ದಾರೆ ಎಂದುಕೊಂಡರು. ನನ್ನ ವಿದ್ಯಾರ್ಥಿಗಳಲ್ಲೇ ಕೆಲವರು ಹಾಗೆ ತಿಳಿದಿದ್ದರು. ಚಿಕ್ಕ ಗುಂಪು ಸ್ವಲ್ಪ ಬೆಳೆದರೂ ಶೇಕಡಾವಾರು ಲೆಕ್ಕದಲ್ಲಿ ಬಹಳ ದೊಡ್ಡದಾಗಿ ಕಾಣುತ್ತದೆ. ಅದೇ ಅಧ್ಯಯನದಲ್ಲಿ ಬೌದ್ಧರ ಪಾಲು ಶೇ 0.05ರಿಂದ ಶೇ 0.81ಕ್ಕೆ ಏರಿದೆ. ಟಿವಿಯ ಲೆಕ್ಕದಲ್ಲಿ ಹೇಳಿದರೆ ಅದು ಶೇ 1,500ಕ್ಕೂ ಜಾಸ್ತಿ ಏರಿಕೆ. ಅದು ಯಾರ ತಲೆಬರಹವೂ ಆಗಲಿಲ್ಲ. 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಅವರ ಜೊತೆ ಲಕ್ಷಾಂತರ ಜನ ಬೌದ್ಧರಾದದ್ದು ಆ ಏರಿಕೆಯ ಮುಖ್ಯ ಕಾರಣ. ಅದನ್ನು ಯಾರೂ ಭಯದ ಸುದ್ದಿಯಾಗಿ ನೋಡಲಿಲ್ಲ, ನೋಡಲೂಬಾರದು. ಇನ್ನೊಂದು ಮಾತೂ ಸುದ್ದಿಯಲ್ಲಿ ಬಿಟ್ಟುಹೋಯಿತು. ಅದು 167 ದೇಶಗಳ ಅಧ್ಯಯನ. ಆ ದೇಶಗಳಲ್ಲಿ ಬಹುಸಂಖ್ಯಾತರ ಪಾಲು ಸರಾಸರಿ ಶೇ 22ರಷ್ಟು ಇಳಿದಿದೆ. ಅದೇ ರೀತಿ ಲೆಕ್ಕ ಹಾಕಿದರೆ (84.68ರಲ್ಲಿ 6.62) ನಮ್ಮಲ್ಲಿ ಇಳಿದದ್ದು ಶೇ 7.8.

ಪಾಲು ಇಳಿದರೆ ಜನ ಕಡಿಮೆಯಾದರು ಅಂತಲ್ಲ. ದೊಡ್ಡಪ್ಪನವರಿಗೆ ಇದನ್ನು ಹೇಳಲೇಬೇಕು. 1951ರಲ್ಲಿ ದೇಶದಲ್ಲಿ ಹಿಂದೂಗಳು ಸುಮಾರು 30 ಕೋಟಿ. 2011ರ ಜನಗಣತಿಯಲ್ಲಿ 96.6 ಕೋಟಿ. ಮುಸ್ಲಿಮರು ಸುಮಾರು 3.5 ಕೋಟಿ ಇದ್ದವರು 17.2 ಕೋಟಿ ಆದರು. 2001ರಿಂದ 2011ರ ನಡುವಿನ ಹತ್ತೇ ವರ್ಷದಲ್ಲಿ ಹಿಂದೂಗಳು 13.9 ಕೋಟಿ ಜಾಸ್ತಿಯಾದರೆ ಮುಸ್ಲಿಮರು 3.4 ಕೋಟಿ ಜಾಸ್ತಿಯಾದರು.

ಹಾಗಾದರೆ ಮುಸ್ಲಿಮರ ಪಾಲು ಏರಿದ್ದು ಯಾಕೆ? ಮುಖ್ಯವಾಗಿ ಹೆರಿಗೆಗಳ ಸಂಖ್ಯೆ ಜಾಸ್ತಿ ಇತ್ತು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. ಆದರೆ 2019–21ರ ಹೊತ್ತಿಗೆ ಅದು 2.36 ಮತ್ತು 1.94ಕ್ಕೆ ಬಂದಿದೆ. ಒಂದಕ್ಕಿಂತ ಜಾಸ್ತಿ ಇದ್ದ ಅಂತರ ಅರ್ಧಕ್ಕಿಂತ ಕಡಿಮೆ ಆಯಿತು. ಇಳಿಕೆ ಜೋರಾಗಿರುವುದು ಮುಸ್ಲಿಮರಲ್ಲೇ. ಎಷ್ಟು ಮಕ್ಕಳು ಎಂಬುದನ್ನು ಧರ್ಮಕ್ಕಿಂತ ಜಾಸ್ತಿ ತೀರ್ಮಾನಿಸುವುದು ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು, ಹತ್ತಿರದ ಆಸ್ಪತ್ರೆ. ಇದೇ ಸಮೀಕ್ಷೆಯಲ್ಲಿ ಬಿಹಾರದ ಹಿಂದೂ ಮಹಿಳೆಗೆ ಸರಾಸರಿ 2.88 ಮಕ್ಕಳು, ಕೇರಳದ ಮುಸ್ಲಿಂ ಮಹಿಳೆಗೆ 2.25. ಕರ್ನಾಟಕದಲ್ಲಿ ಎಲ್ಲರನ್ನೂ ಸೇರಿಸಿದರೆ 1.7. ಮಲೆನಾಡಿನ ಮನೆಗಳಲ್ಲಿ ನೀವೇ ನೋಡುತ್ತೀರಲ್ವಾ, ಒಂದು ಮಗು, ಹೆಚ್ಚೆಂದರೆ ಎರಡು. ಅವರೂ ಓದಿ ಬೆಂಗಳೂರು ಸೇರಿರುತ್ತಾರೆ.

ಇನ್ನು ಆ ಭೂಪಟ. ಇಂಥ ಭವಿಷ್ಯ ಹೊಸದೇನಲ್ಲ. 1909ರಲ್ಲೇ ಬಂಗಾಳದ ಯು.ಎನ್. ಮುಖರ್ಜಿ ಎಂಬುವರು ಜನಗಣತಿಯ ಅಂಕಿ ಹಿಡಿದು, ಹಿಂದೂಗಳು ಅಳಿದು ಹೋಗುತ್ತಿದ್ದಾರೆ ಎಂದು ಬರೆದಿದ್ದರು. ಆಗ ಅವಿಭಜಿತ ಭಾರತದಲ್ಲಿ ಹಿಂದೂಗಳು ಸುಮಾರು 20 ಕೋಟಿ ಇದ್ದರು. ಮುಂದೆ ಏನಾಯಿತೆಂದು ಮೇಲಿನ ಸಂಖ್ಯೆಯಲ್ಲೇ ಇದೆ. ಹಿಂದಿನ ಹತ್ತು ವರ್ಷದ ವೇಗ ನೂರು ವರ್ಷ ಹಾಗೇ ಇರುತ್ತದೆ ಎಂದುಕೊಂಡು ಗೆರೆ ಎಳೆದರೆ ಯಾವ ಸಮುದಾಯವನ್ನು ಬೇಕಾದರೂ ಕಾಗದದ ಮೇಲೆ ಅಳಿಸಬಹುದು.

ಪ್ರಪಂಚದ ಮಟ್ಟದಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಅಂದಾಜು. 2025ರಲ್ಲಿ ಬಂದ ಅವರ ವರದಿ 2020ರ ಸ್ಥಿತಿ ಹೇಳುತ್ತದೆ. ಕ್ರೈಸ್ತರು ಸುಮಾರು 230 ಕೋಟಿ, ಪ್ರಪಂಚದ ಶೇ 28.8. ಮುಸ್ಲಿಮರು 200 ಕೋಟಿ, ಶೇ 25.6. ಯಾವ ಧರ್ಮಕ್ಕೂ ಸೇರಿಲ್ಲ ಅನ್ನುವವರು 190 ಕೋಟಿ, ಶೇ 24.2. ಹಿಂದೂಗಳು 120 ಕೋಟಿ, ಶೇ 14.9. ಬೌದ್ಧರು 32.4 ಕೋಟಿ. ಯಹೂದಿಗಳು ಒಂದೂವರೆ ಕೋಟಿಯ ಹತ್ತಿರ. 2010ರಿಂದ 2020ರ ನಡುವೆ ಮುಸ್ಲಿಮರ ಪಾಲು ಏರಿದೆ, ಕ್ರೈಸ್ತರ ಪಾಲು ಇಳಿದಿದೆ. ಹಿಂದೂಗಳ ಪಾಲು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಇದರಲ್ಲಿ ಸಂಖ್ಯೆಯೇ ಕಡಿಮೆ ಆದದ್ದು ಬೌದ್ಧರದು ಮಾತ್ರ. ಕ್ರೈಸ್ತರ ಪಾಲು ಇಳಿಯಲು ದೊಡ್ಡ ಕಾರಣ ಇನ್ನೊಂದು ಧರ್ಮ ಅಲ್ಲ. ಕ್ರೈಸ್ತ ಮನೆಯಲ್ಲಿ ಹುಟ್ಟಿ ಬೆಳೆದ ಬಹಳ ಜನ ತಮಗೆ ಯಾವ ಧರ್ಮವೂ ಇಲ್ಲ ಎಂದು ಹೇಳತೊಡಗಿದ್ದಾರೆ. ಭೂಪಟ ಹಂಚುವವರು ಈ ಮಾತು ಹೇಳುವುದಿಲ್ಲ.

ಆದರೆ ಈ ಅಂಕಿಗಳನ್ನೂ ತೂಕ ಹಾಕಿ ಇಟ್ಟ ಹಾಗೆ ನಂಬಬೇಡಿ. ಧರ್ಮ ಎಣಿಸುವ ಕೆಲಸ ಒಂದೊಂದು ದೇಶದಲ್ಲಿ ಒಂದೊಂದು ಥರ ನಡೆಯುತ್ತದೆ. ಅಮೆರಿಕದ ಜನಗಣತಿ ಧರ್ಮ ಕೇಳುವುದೇ ಇಲ್ಲ. ಫ್ರಾನ್ಸ್ 1872ರ ನಂತರ ಕೇಳಿಲ್ಲ. ಅಲ್ಲಿನ ಸಂಖ್ಯೆಗಳೆಲ್ಲ ಸಮೀಕ್ಷೆಯಿಂದ ಬಂದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೇಳುತ್ತಾರೆ, ಉತ್ತರ ಕೊಡುವುದು ಬಿಡುವುದು ಜನರಿಗೆ ಬಿಟ್ಟದ್ದು. 2001ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಜನ ಒಂದು ಸಿನಿಮಾದ ಕಾಲ್ಪನಿಕ ಪಂಥದ ಹೆಸರು ಬರೆದಿದ್ದರು. ಜಪಾನಿನಲ್ಲಿ ಶಿಂಟೊ ಮತ್ತು ಬೌದ್ಧ ಸಂಸ್ಥೆಗಳು ಕೊಡುವ ಸದಸ್ಯರ ಲೆಕ್ಕ ಕೂಡಿಸಿದರೆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ. ಒಬ್ಬರೇ ಎರಡೂ ಕಡೆ ಸೇರಿರುತ್ತಾರೆ. ಚೀನಾದಲ್ಲಿ ಹಬ್ಬ, ಪೂಜೆ, ಹಿರಿಯರ ಆರಾಧನೆ ಮಾಡುವವರೂ ನಮಗೆ ಧರ್ಮ ಇಲ್ಲ ಎನ್ನುತ್ತಾರೆ. ಪ್ರಪಂಚದ ‘ಧರ್ಮ ಇಲ್ಲದವರ’ ದೊಡ್ಡ ಭಾಗ ಅವರೇ.

ಲೆಬನಾನ್ ಕಥೆ ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಅಲ್ಲಿ ಅಧಿಕೃತ ಜನಗಣತಿ ಕೊನೆಯದಾಗಿ ನಡೆದದ್ದು 1932ರಲ್ಲಿ. ಅಲ್ಲಿ ಸಂಸತ್ತಿನ ಸೀಟುಗಳು, ದೊಡ್ಡ ಹುದ್ದೆಗಳು ಧರ್ಮ ಮತ್ತು ಪಂಥದ ಲೆಕ್ಕದಲ್ಲಿ ಹಂಚಿಕೆ ಆಗಿವೆ. ಮತ್ತೆ ಎಣಿಸಿದರೆ ಯಾರೋ ಕಳೆದುಕೊಳ್ಳುತ್ತಾರೆ, ಯಾರೋ ಪಡೆಯುತ್ತಾರೆ. ಅದಕ್ಕೇ ಎಣಿಸುವುದೇ ಇಲ್ಲ. ನೈಜೀರಿಯಾ ಕೂಡ 1963ರ ನಂತರ ಜನಗಣತಿಯಲ್ಲಿ ಧರ್ಮ ಕೇಳಿಲ್ಲ. ಸಂಖ್ಯೆ ಅಧಿಕಾರಕ್ಕೆ ಅಂಟಿಕೊಂಡ ಕಡೆಯಲ್ಲೆಲ್ಲ ಎಣಿಕೆಯೇ ಜಗಳವಾಗುತ್ತದೆ.

ನಮ್ಮಲ್ಲಿ ಆ ಮಟ್ಟಿಗೆ ಪರಿಸ್ಥಿತಿ ಪರವಾಗಿಲ್ಲ. ಜನಗಣತಿಯವರು ಮನೆಗೆ ಬಂದು ಕೇಳುತ್ತಾರೆ, ನೀವು ಹೇಳಿದ್ದನ್ನೇ ಬರೆದುಕೊಳ್ಳಬೇಕು. 2011ರಲ್ಲಿ ಆರು ಧರ್ಮಗಳಿಗೆ ಮಾತ್ರ ಕೋಡ್ ಇತ್ತು, ಉಳಿದದ್ದನ್ನು ಹೆಸರಿನಲ್ಲಿ ಬರೆಯಬೇಕಿತ್ತು. ಆದಿವಾಸಿಗಳ ಸರ್ನಾ ಧರ್ಮವನ್ನು ಹಾಗೆ ಸುಮಾರು 49 ಲಕ್ಷ ಜನ ಬರೆಸಿದರು. ಗೆರೆ ಎಲ್ಲಿ ಎಳೆಯಬೇಕೆಂಬ ಪ್ರಶ್ನೆ ನಮ್ಮ ರಾಜ್ಯಕ್ಕೂ ಗೊತ್ತಿದೆ. 2018ರ ವಿಧಾನಸಭೆ ಚುನಾವಣೆಗೆ ಮುಂಚೆ ಲಿಂಗಾಯತ ಪ್ರತ್ಯೇಕ ಧರ್ಮದ ವಿಷಯ ಎಷ್ಟು ಕಾವೇರಿತ್ತು ಎಂದು ಶಿಕಾರಿಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಜ್ಯ ಸರ್ಕಾರ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಒಪ್ಪಿದ್ದರೆ ಒಂದು ಮಗುವೂ ಹೆಚ್ಚು ಹುಟ್ಟದೆ, ಒಬ್ಬರೂ ಊರು ಬಿಡದೆ, ಕರ್ನಾಟಕದ ಧರ್ಮವಾರು ಲೆಕ್ಕ ದೊಡ್ಡದಾಗಿ ಬದಲಾಗುತ್ತಿತ್ತು. 2011ರ ಪ್ರಕಾರ ರಾಜ್ಯದಲ್ಲಿ ಹಿಂದೂಗಳು ಶೇ 84, ಮುಸ್ಲಿಮರು ಶೇ 12.9, ಕ್ರೈಸ್ತರು ಶೇ 1.9. ಆಮೇಲೆ ಜನಗಣತಿ ನಡೆದಿಲ್ಲ. ಹೊಸದಕ್ಕೆ 2027ರ ಮಾರ್ಚ್ 1 ಅನ್ನು ಆಧಾರ ದಿನವಾಗಿ ಘೋಷಿಸಿದ್ದಾರೆ. 2011ರ ನಂತರದ ಸಂಖ್ಯೆ ಎಂದು ಯಾರು ಏನೇ ಕೊಟ್ಟರೂ ಅದು ಜನಗಣತಿಯ ಎಣಿಕೆ ಅಲ್ಲ.

ಈಗ ಪೇಪರಿನ ಪಟ್ಟಿಗೆ ಬರೋಣ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್ ಇರುತ್ತದೆ. ಧರ್ಮ ಇಲ್ಲ, ಜಾತಿ ಇಲ್ಲ. ಹೆಸರು ಸೇರಿಸುವ ಅರ್ಜಿಯಲ್ಲೂ ಕೇಳುವುದಿಲ್ಲ. ‘ತೀರ್ಥಹಳ್ಳಿಯಲ್ಲಿ ಇಂಥವರ ಮತ ಇಷ್ಟು ಸಾವಿರ’ ಎಂಬುದಕ್ಕೆ ಅಧಿಕೃತ ಮೂಲ ಇರಲು ಸಾಧ್ಯವೇ ಇಲ್ಲ.

ಜನಗಣತಿಯಿಂದ ತೆಗೆಯಬಹುದಲ್ವಾ ಎಂದು ಕೇಳುತ್ತೀರಿ. ಜನಗಣತಿ ತಾಲ್ಲೂಕಿನವರೆಗೆ, ಪಟ್ಟಣದವರೆಗೆ ಧರ್ಮದ ಸಂಖ್ಯೆ ಕೊಡುತ್ತದೆ. ಕ್ಷೇತ್ರಕ್ಕೆ ಕೊಡುವುದಿಲ್ಲ. ಕ್ಷೇತ್ರದ ಗಡಿ ತಾಲ್ಲೂಕಿನ ಗಡಿ ಅಲ್ಲ. 2008ರ ವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಯಿತು. ತಾಲ್ಲೂಕನ್ನು ಒಡೆದು ಒಂದಿಷ್ಟು ಸಾಗರಕ್ಕೆ, ಒಂದಿಷ್ಟು ತೀರ್ಥಹಳ್ಳಿಗೆ ಸೇರಿಸಿದರು. ಲೋಕಸಭೆಗೆ ಬಂದರೆ ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗ ಕ್ಷೇತ್ರದಲ್ಲಿದೆ. ಶಿವಮೊಗ್ಗ ಜಿಲ್ಲೆಯ ಅಂಕಿ ಹಿಡಿದು ಶಿವಮೊಗ್ಗ ಲೋಕಸಭಾ ಕ್ಷೇತ್ರದ ಲೆಕ್ಕ ಹಾಕಿದರೆ ಒಂದು ಇಡೀ ವಿಧಾನಸಭಾ ಕ್ಷೇತ್ರ ಬಿಟ್ಟುಹೋಗುತ್ತದೆ. ಮೇಲಾಗಿ ಜನಗಣತಿಯಲ್ಲಿ ಮಕ್ಕಳೂ ಇರುತ್ತಾರೆ, ಮತದಾರರು 18 ತುಂಬಿದವರು.

ಹಾಗಾದರೆ ಪಟ್ಟಿ ಎಲ್ಲಿಂದ ಬರುತ್ತದೆ? ಬಹಳ ಮಟ್ಟಿಗೆ ಪಕ್ಷಗಳ ಕಚೇರಿಯಿಂದ, ಸಮುದಾಯದ ಸಂಘಗಳಿಂದ, ಟಿಕೆಟ್ ಕೇಳುವವರಿಂದ. ಟಿಕೆಟ್ ಬೇಕಾದವರು ತಮ್ಮವರ ಸಂಖ್ಯೆ ಕಡಿಮೆ ಹೇಳುತ್ತಾರೆಯೇ? ಕೆಲವು ಕಡೆ ಮತದಾರರ ಪಟ್ಟಿಯ ಹೆಸರು ನೋಡಿ ಊಹೆ ಮಾಡುತ್ತಾರೆ. ಅದೂ ಊಹೆಯೇ. ವರದಿಗಾರರು ಹೋದ ಚುನಾವಣೆಯ ಪಟ್ಟಿಗೆ ಒಂದಿಷ್ಟು ಸೇರಿಸಿ ಮತ್ತೆ ಹಾಕುವುದೂ ಉಂಟು. ಮುಂದಿನ ಸಲ ಆ ಪಟ್ಟಿ ಬಂದಾಗ ಎಲ್ಲವನ್ನೂ ಕೂಡಿಸಿ, ಆಯೋಗ ಕೊಡುವ ಒಟ್ಟು ಮತದಾರರ ಸಂಖ್ಯೆಗೆ ಹೋಲಿಸಿ ನೋಡಿ. ಎಷ್ಟೋ ಸಲ ಕೂಡಿಸಿದ್ದೇ ಜಾಸ್ತಿ ಇರುತ್ತದೆ.

ಮತದಾನ ಆದ ಮೇಲೆ ‘ಈ ಸಮುದಾಯದ ಶೇ 60 ಮತ ಈ ಪಕ್ಷಕ್ಕೆ’ ಎಂದು ಬರುವುದು ಬೇರೆ. ಅದು ಸಮೀಕ್ಷೆ. ಜನರನ್ನು ಕೇಳಿ ಮಾಡಿದ್ದು, ಅದಕ್ಕೊಂದು ವಿಧಾನ ಇದೆ. ಆದರೆ ಮಾದರಿಯ ಗಾತ್ರ ನೋಡಬೇಕು. 2,000 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಶೇ 13 ಇರುವ ಸಮುದಾಯದವರು 260 ಜನ ಮಾತ್ರ ಸಿಗುತ್ತಾರೆ. 260 ಜನರ ಮೇಲೆ ಹೇಳಿದ ಶೇ 60 ನಿಜದಲ್ಲಿ 54 ಇರಬಹುದು, 66 ಇರಬಹುದು. ಹೋದ ಸಲ 57, ಈ ಸಲ 60 ಎಂದು ‘ಒಲವು ಬದಲಾಗಿದೆ’ ಎಂಬ ತಲೆಬರಹ ಕೊಡುವುದಕ್ಕೆ ಅದರಲ್ಲಿ ಆಧಾರ ಇರುವುದಿಲ್ಲ.

ಪಟ್ಟಿಯಿಂದ ಆಗುವ ದೊಡ್ಡ ಹಾನಿ ಸಂಖ್ಯೆಯ ತಪ್ಪಿಗಿಂತ ಬೇರೆ. ಅದು ಮತದಾರನನ್ನು ಹುಟ್ಟಿದ ಮನೆಗೆ ಕಟ್ಟಿಹಾಕುತ್ತದೆ. ನಮ್ಮ ಜಿಲ್ಲೆಯ ಮೊದಲ ಚುನಾವಣೆಯನ್ನೇ ನೋಡಿ. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಮಾಡಿದರು. ಮರುವರ್ಷ ಸಾಗರ–ಹೊಸನಗರದಿಂದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದರು. ಆ ಜಗಳದಲ್ಲಿ ಗೇಣಿ ಕೊಡುವವರು, ಗೇಣಿ ಪಡೆಯುವವರು ಇಬ್ಬರೂ ಹಿಂದೂಗಳೇ. ಧರ್ಮದ ಕಾಲಂ ಇಟ್ಟುಕೊಂಡು ಆ ಮತದಾನವನ್ನು ಅರ್ಥ ಮಾಡಿಕೊಳ್ಳಲು ಆಗುತ್ತದೆಯೇ? ಇವತ್ತೂ ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರ, ಬಗರ್‌ಹುಕುಂ ಅರ್ಜಿ, ಅಡಿಕೆಯ ಎಲೆಚುಕ್ಕೆ ರೋಗ, ಭದ್ರಾವತಿಯ ಕಾರ್ಖಾನೆಗಳು, ಮಂಗನ ಕಾಯಿಲೆಗೆ ಲಸಿಕೆ, ಇವೆಲ್ಲ ಎಲ್ಲ ಧರ್ಮದವರ ಮನೆಯ ವಿಷಯ. ಇದನ್ನು ಬರೆಯಲು ಹಿನ್ನೀರಿನ ಊರುಗಳಿಗೆ ಹೋಗಬೇಕು, ಕಡತ ನೋಡಬೇಕು, ದಿನಗಟ್ಟಲೆ ಸಮಯ ಬೇಕು. ಜಾತಿ–ಧರ್ಮದ ಪಟ್ಟಿಗೆ ಒಂದು ಫೋನ್ ಸಾಕು. ವರದಿಗಾರರನ್ನು ಬಯ್ಯುವುದು ನನ್ನ ಉದ್ದೇಶ ಅಲ್ಲ, ಅವರ ಮೇಲಿನ ಒತ್ತಡ ನನಗೆ ಗೊತ್ತು. ಆದರೂ ಮೂಲ ಹೇಳಲಾಗದ ಪಟ್ಟಿಯನ್ನು ಪತ್ರಿಕೆಗಳು ಹಾಕಲೇಬಾರದು ಎಂಬುದು ನನ್ನ ಅಭಿಪ್ರಾಯ.

ಕಾನೂನು ಇದನ್ನು ತಡೆಯುವುದಿಲ್ಲವೇ? ಅರ್ಧ ತಡೆಯುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ನಡೆ. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಕೇಳಿದರೂ ಅದೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಲ್ಲಿ ಹೇಳಿತು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದು ಬೇರೆಯೇ ಅಪರಾಧ. ಆದರೆ ಪತ್ರಿಕೆ ‘ಇಷ್ಟು ಸಾವಿರ’ ಎಂದು ಪಟ್ಟಿ ಹಾಕುವುದು ಈ ಸೆಕ್ಷನ್‌ಗೆ ಸಿಗುವುದಿಲ್ಲ. ಅಲ್ಲಿರುವುದು ಪತ್ರಿಕಾ ಮಂಡಳಿಯ ಮಾರ್ಗಸೂಚಿ ಮಾತ್ರ.

ಚೇಣಿಯ ವಿಷಯ ಬೇಗ ಹೇಳುತ್ತೇನೆ. ಮೇಲಿನ ಯಾವ ಅಂಕಿಗೂ ನಿಮ್ಮ ತೋಟಕ್ಕೂ ಸಂಬಂಧ ಇಲ್ಲ. ದರ, ಮುಂಗಡ, ತೂಕ, ಹೊತ್ತಿಗೆ ಸರಿಯಾಗಿ ಅಡಿಕೆ ಗೊನೆ ಇಳಿಸುವುದು, ಬಾಕಿ ತೀರಿಸಿದ ರೀತಿ, ಇಷ್ಟನ್ನು ನೋಡಿ. ಇದರಲ್ಲಿ ಕೊರತೆ ಇದ್ದರೆ ಬದಲಾಯಿಸಿ. ಇಲ್ಲದಿದ್ದರೆ ಯಾಕೆ ಬಿಡಬೇಕು? ಸುಮ್ನೆ ಬಿಟ್ಟರೆ ಹಳೆಯ ನಂಬಿಕೆಯ ವ್ಯವಹಾರ ಹೋಗುತ್ತದೆ. ಹೊಸಬರು ನಿಮ್ಮ ಅವಸರ ನೋಡಿ ದರ ಇಳಿಸಿ ಕೇಳುತ್ತಾರೆ.

ಗ್ರೂಪಿನಲ್ಲಿ ಏನು ಮಾಡುವುದು ಎಂಬುದಕ್ಕೆ ಕೆಲವು ದಾರಿ ಇವೆ, ಯಾವುದೂ ಪೂರ್ತಿ ಸಲೀಸಲ್ಲ. ಅಲ್ಲೇ ಅಂಕಿ ಹಾಕಿ ಉತ್ತರ ಕೊಡಬಹುದು. ಆದರೆ ಎಲ್ಲರ ಎದುರು ಹಿರಿಯರ ಮಾತು ತಪ್ಪೆಂದು ತೋರಿಸಿದರೆ ಅವರು ಅಂಕಿ ಬಿಟ್ಟು ಮರ್ಯಾದೆಯ ಮಾತಿಗೆ ಬರುತ್ತಾರೆ. ಗ್ರೂಪ್ ಬಿಟ್ಟರೆ ನಿಮಗೆ ನೆಮ್ಮದಿ, ಆದರೆ ಅಲ್ಲಿರುವ ಮಕ್ಕಳಿಗೆ ಬೇರೆ ಮಾತು ಕೇಳಿಸುವುದೇ ಇಲ್ಲ. ನಾನು ಕಂಡಂತೆ ಹೆಚ್ಚು ಕೆಲಸ ಮಾಡುವುದು ಮನೆಗೆ ಹೋಗಿ ಕೂತು ಮಾತಾಡುವುದು. ‘ಸುಳ್ಳು’ ಅಂತ ಶುರು ಮಾಡಬೇಡಿ, ಆ ಸಂಖ್ಯೆ ಸುಳ್ಳಲ್ಲ. “ದೊಡ್ಡಪ್ಪ, ಹತ್ತು ಇದ್ದದ್ದು ಹದಿನಾಲ್ಕು ಆಯಿತು, 65 ವರ್ಷದಲ್ಲಿ” ಎಂದು ಪೆನ್ನು ಕಾಗದ ಇಟ್ಟು ತೋರಿಸಿ. ಒಂದೇ ದಿನಕ್ಕೆ ಒಪ್ಪುವುದಿಲ್ಲ. ಮುಂದಿನ ಸಲ ಹಾಕುವ ಮುಂಚೆ ನಿಮ್ಮನ್ನೊಮ್ಮೆ ಕೇಳಿದರೂ ದೊಡ್ಡದು. ದ್ವೇಷ ಹುಟ್ಟಿಸುವಂಥದ್ದನ್ನು ಫಾರ್ವರ್ಡ್ ಮಾಡಿದವರ ಮೇಲೂ ಕೇಸ್ ಆಗಬಹುದು ಎಂಬುದನ್ನು ಹೆದರಿಸದೆ, ಕಾಳಜಿಯಿಂದ ಹೇಳಿ.

ದೂರು ಕೊಡುವುದಾದರೆ ಎಲ್ಲಿಗೆ ಎಂದು ಗೊತ್ತಿರಲಿ. ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಭಾಷಣದಲ್ಲೋ ಕರಪತ್ರದಲ್ಲೋ ಧರ್ಮದ ಹೆಸರಿನಲ್ಲಿ ಮತ ಕೇಳಿದರೆ ದೂರು ಕೊಡಲು ಚುನಾವಣಾ ಆಯೋಗದ ಸಿ–ವಿಜಿಲ್ ಆ್ಯಪ್ ಇದೆ. ಸ್ಥಳದಲ್ಲೇ ದಾಖಲಿಸಿದ್ದು ಮಾತ್ರ ಅದಕ್ಕೆ ಹೋಗುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ನಡೆಯುವುದಿಲ್ಲ. ಉಳಿದದ್ದಕ್ಕೆ ಜಿಲ್ಲಾ ಚುನಾವಣಾಧಿಕಾರಿಗಳಿಗೆ, ಅಂದರೆ ಡಿ.ಸಿ. ಕಚೇರಿಗೆ ಬರೆದು ಕೊಡಿ. ಟಿವಿ ಚಾನೆಲ್ ಆದರೆ ಮೊದಲು ಚಾನೆಲ್‌ಗೇ ಬರೆಯಬೇಕು, ತಡ ಮಾಡಬಾರದು. ಪತ್ರಿಕೆಯ ಪಟ್ಟಿಯ ಬಗ್ಗೆ ಮೊದಲು ಸಂಪಾದಕರಿಗೆ ಒಂದೇ ಪ್ರಶ್ನೆ ಕೇಳಿ: ಈ ಸಂಖ್ಯೆಯ ಮೂಲ ಯಾವುದು? ಊರಿನ ನಾಲ್ಕು ಜನ ಹೀಗೆ ಕೇಳಿದರೆ ಡೆಸ್ಕಿನಲ್ಲಿ ಚರ್ಚೆ ಆಗುತ್ತದೆ, ಇದು ನಾನು ಕಣ್ಣಾರೆ ನೋಡಿದ ವಿಷಯ. ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬಹುದು. ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ, ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ತಲುಪಬೇಕು. ಹಾಗಾಗಿ ಪಟ್ಟಿ ಬಂದ ದಿನವೇ ಆ ಪುಟವನ್ನು ತಾರೀಖು ಕಾಣುವ ಹಾಗೆ ಎತ್ತಿಡಿ.